ಯಾವ ಟೆಸ್ಟ್ ಮೊದಲು? ಮಗುವಿಗಾಗಿ ಕಾಯುವವರ ದುಡ್ಡು, ವಯಸ್ಸು ಮತ್ತು ಕಾನೂನು

2025ರ ಕೊನೆಯಲ್ಲಿ ಎರಡು ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಅಕ್ಟೋಬರ್ 9ರಂದು ಸುಪ್ರೀಂ ಕೋರ್ಟ್ ಬಾಡಿಗೆ ತಾಯ್ತನಕ್ಕಿರುವ ವಯಸ್ಸಿನ ಮಿತಿ ಬಗ್ಗೆ ತೀರ್ಪು ಕೊಟ್ಟಿತು. ನವೆಂಬರ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಬಂಜೆತನದ ತಡೆ, ತಪಾಸಣೆ, ಚಿಕಿತ್ಸೆ ಕುರಿತು ತನ್ನ ಮೊದಲ ಜಾಗತಿಕ ಮಾರ್ಗಸೂಚಿಯನ್ನು ಹೊರಡಿಸಿತು. ಅದರಲ್ಲಿ 40 ಶಿಫಾರಸುಗಳಿವೆ.

ಎರಡನ್ನೂ ಓದಿದವರಿಗೆ ಗೊಂದಲವಾಗುವುದು ಸಹಜ. 50 ದಾಟಿದವರೂ ಇನ್ನು ಐವಿಎಫ್ (ಅಂಡಾಣು, ವೀರ್ಯಾಣುವನ್ನು ಲ್ಯಾಬ್‌ನಲ್ಲಿ ಸೇರಿಸಿ, ಭ್ರೂಣವನ್ನು ಗರ್ಭಕೋಶದಲ್ಲಿ ಇಡುವ ಚಿಕಿತ್ಸೆ) ಮಾಡಿಸಿಕೊಳ್ಳಬಹುದಾ? ಐವಿಎಫ್‌ಗೆ ಇನ್ಶೂರೆನ್ಸ್ ಸಿಗುತ್ತಾ? ಸರ್ಕಾರಿ ಆಸ್ಪತ್ರೆಯಲ್ಲಿ ಮಾಡ್ತಾರಾ? ಸದ್ಯಕ್ಕೆ ಮೊದಲೆರಡು ಪ್ರಶ್ನೆಗೆ ಹೆಚ್ಚಿನವರ ಮಟ್ಟಿಗೆ ಉತ್ತರ 'ಇಲ್ಲ'. ಮೂರನೆಯದಕ್ಕೆ 'ಕೆಲವೇ ಕಡೆ'. ಆದರೆ ಎರಡೂ ಸುದ್ದಿಗಳ ಬುಡದಲ್ಲಿ ಇರುವುದು ಒಂದೇ ವಿಷಯ. ಮಗು ಬೇಕೆನ್ನುವ ಜೋಡಿಯ ಕೈಯಲ್ಲಿ ಇರುವ ವರ್ಷಗಳು ಕಡಿಮೆ. ಆ ವರ್ಷಗಳು ಎಲ್ಲಿ ಸೋರಿಹೋಗುತ್ತಿವೆ ಎಂಬುದನ್ನು ನಾವು ಸರಿಯಾಗಿ ನೋಡುತ್ತಿಲ್ಲ.

ಸೋರುವ ಜಾಗ ಬಹಳ ಸಲ ಟೆಸ್ಟ್‌ಗಳ ಸರದಿಯಲ್ಲೇ ಇದೆ. ಯಾರಿಗೆ ಮೊದಲು ಟೆಸ್ಟ್ ಮಾಡಬೇಕು, ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿ.

ಮಾರ್ಗಸೂಚಿ ಏನು ಹೇಳುತ್ತದೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಜೀವನದ ಯಾವುದಾದರೂ ಒಂದು ಹಂತದಲ್ಲಿ ಈ ತೊಂದರೆ ಅನುಭವಿಸುತ್ತಾರೆ. ಬಡ ದೇಶ, ಸಿರಿವಂತ ದೇಶ ಎಂಬ ದೊಡ್ಡ ವ್ಯತ್ಯಾಸ ಇದರಲ್ಲಿಲ್ಲ. ವ್ಯತ್ಯಾಸ ಇರುವುದು ಚಿಕಿತ್ಸೆಯ ದುಡ್ಡು ಯಾರ ಜೇಬಿನಿಂದ ಹೋಗುತ್ತದೆ ಎಂಬಲ್ಲಿ. ಕೆಲವು ಕಡೆ ಒಂದು ಸುತ್ತು ಐವಿಎಫ್‌ಗೆ ಆಗುವ ಖರ್ಚು ಒಂದು ಸಾಮಾನ್ಯ ಮನೆಯ ಎರಡು ವರ್ಷದ ಆದಾಯದಷ್ಟು ಎಂದು ಸಂಸ್ಥೆಯೇ ಹೇಳಿದೆ.

ಹಾಗಾಗಿ ಮಾರ್ಗಸೂಚಿ ಎರಡು ಮಾತಿಗೆ ಒತ್ತು ಕೊಡುತ್ತದೆ. ಮೊದಲನೆಯದು, ಬಂಜೆತನದ ಚಿಕಿತ್ಸೆಯನ್ನು ದೇಶದ ಸಾಮಾನ್ಯ ಆರೋಗ್ಯ ಸೇವೆಯ ಒಳಗೆ ತನ್ನಿ, ಅದಕ್ಕೆ ಹಣದ ವ್ಯವಸ್ಥೆ ಮಾಡಿ. ಎರಡನೆಯದು, ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಗರ್ಭ ನಿಲ್ಲುವ ಸಾಧ್ಯತೆ ಜಾಸ್ತಿ ಇರುವ ದಿನಗಳ ಬಗ್ಗೆ ತಿಳಿಸುವಂಥ ಸರಳ ಸಲಹೆಯಿಂದ ಶುರು ಮಾಡಿ. ನಂತರ ಔಷಧಿ, ಐಯುಐ (ವೀರ್ಯವನ್ನು ಸೀದಾ ಗರ್ಭಕೋಶದೊಳಗೆ ಬಿಡುವುದು). ಅಗತ್ಯವಿದ್ದಲ್ಲಿ ಐವಿಎಫ್. ತಂಬಾಕು, ಚಿಕಿತ್ಸೆ ಪಡೆಯದ ಲೈಂಗಿಕ ಸೋಂಕು ಇವೆಲ್ಲ ತಡೆಯಬಹುದಾದ ಕಾರಣಗಳು ಎಂದೂ ಅದು ನೆನಪಿಸುತ್ತದೆ.

ಇದು ಕಾನೂನಲ್ಲ, ಶಿಫಾರಸು. ಯಾವ ಸರ್ಕಾರವನ್ನೂ, ಯಾವ ಇನ್ಶೂರೆನ್ಸ್ ಕಂಪನಿಯನ್ನೂ ಇದು ಕಟ್ಟಿಹಾಕುವುದಿಲ್ಲ. ಆದರೆ ಯಾವುದು ಒಳ್ಳೆಯ ಚಿಕಿತ್ಸೆ, ಯಾವುದು ಅವಸರದ ಚಿಕಿತ್ಸೆ ಎಂದು ಅಳೆಯಲು ಒಂದು ಅಳತೆಗೋಲು ಸಿಕ್ಕಿತು.

ಒಂದು ವರ್ಷ ಕಾಯಿರಿ ಅಂತ ಯಾಕೆ ಹೇಳುತ್ತಾರೆ

ಯಾವ ತಡೆಯನ್ನೂ ಬಳಸದೆ 12 ತಿಂಗಳು ಸೇರಿದ ಮೇಲೂ ಗರ್ಭ ನಿಲ್ಲದಿದ್ದರೆ ಅದನ್ನು ವೈದ್ಯರು ಬಂಜೆತನ ಎನ್ನುತ್ತಾರೆ. ಈ 12ಕ್ಕೆ ಕಾರಣವಿದೆ. ಹೆಂಡತಿಯ ವಯಸ್ಸು 40ರೊಳಗಿರುವ ಜೋಡಿಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಜನರಿಗೆ ಮೊದಲ ವರ್ಷದಲ್ಲೇ ಗರ್ಭ ನಿಲ್ಲುತ್ತದೆ. ಉಳಿದವರಲ್ಲಿ ಸುಮಾರು ಅರ್ಧ ಜನರಿಗೆ ಎರಡನೇ ವರ್ಷದಲ್ಲಿ ನಿಲ್ಲುತ್ತದೆ. ಅಂದರೆ ಮದುವೆಯಾದ ಆರನೇ ತಿಂಗಳಿಗೇ 'ವಿಶೇಷ ಏನಾದ್ರೂ ಇದೆಯಾ' ಅಂತ ಕೇಳುವ ನೆಂಟರಿಗೆ ಅವಸರವೇ ಹೊರತು 25 ವರ್ಷದ ಹುಡುಗಿಯ ಮೈಗೆ ಯಾವ ಅವಸರವೂ ಇಲ್ಲ.

ವಯಸ್ಸು ಏರಿದಂತೆ ಈ ಲೆಕ್ಕ ಬದಲಾಗುತ್ತದೆ. ಹೆಣ್ಣು ಹುಟ್ಟುವಾಗಲೇ ತನ್ನ ಜೀವನಕ್ಕೆ ಬೇಕಾದ ಅಂಡಾಣುಗಳನ್ನೆಲ್ಲ ಹೊತ್ತು ಬಂದಿರುತ್ತಾಳೆ. ಅವುಗಳ ಸಂಖ್ಯೆಯೂ ಗುಣವೂ 35ರ ನಂತರ ಬೇಗ ಇಳಿಯುತ್ತವೆ. ಅದಕ್ಕೇ 35 ದಾಟಿದವರಿಗೆ ಆರು ತಿಂಗಳು ನೋಡಿ ಟೆಸ್ಟ್ ಶುರು ಮಾಡಿ ಎನ್ನುತ್ತಾರೆ. 40 ದಾಟಿದ್ದರೆ ಕಾಯುವುದೇ ಬೇಡ. ಮುಟ್ಟು ಸರಿಯಾಗಿ ಬರುತ್ತಿಲ್ಲ, ಹಿಂದೆ ಕ್ಷಯ ಆಗಿತ್ತು, ಗಂಡನಿಗೆ ಚಿಕ್ಕಂದಿನಲ್ಲಿ ಬೀಜ ಇಳಿಯದೆ ಆಪರೇಷನ್ ಆಗಿತ್ತು, ಇಂಥದ್ದೇನಾದರೂ ಇದ್ದರೆ ಯಾವ ವಯಸ್ಸಿನಲ್ಲೂ ಮೊದಲೇ ಹೋಗಬೇಕು.

ಅಗ್ಗದ ಟೆಸ್ಟ್ ಕೊನೆಗೆ ಯಾಕೆ ಬರುತ್ತದೆ

ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಅದು ಒಂದೇ ಇರಬಹುದು, ಹೆಂಗಸಿನ ಕಡೆಯ ಕಾರಣದ ಜೊತೆ ಸೇರಿಯೂ ಇರಬಹುದು. ಅದನ್ನು ಕಂಡುಹಿಡಿಯುವ ಮೊದಲ ಟೆಸ್ಟ್ ವೀರ್ಯ ಪರೀಕ್ಷೆ. ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ, ಅರಿವಳಿಕೆ ಇಲ್ಲ. ಇಡೀ ಪಟ್ಟಿಯಲ್ಲೇ ಅತ್ಯಂತ ಕಡಿಮೆ ಖರ್ಚಿನದು. ಎರಡರಿಂದ ಏಳು ದಿನ ಸೇರದೆ ಇದ್ದು ಮಾದರಿ ಕೊಟ್ಟರೆ ಆಯಿತು.

ಆದರೂ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದು ಕೊನೆಯ ಟೆಸ್ಟ್. ಅಷ್ಟರಲ್ಲಿ ಹೆಂಡತಿಗೆ ಹಾರ್ಮೋನ್ ಟೆಸ್ಟ್ ಆಗಿರುತ್ತದೆ, ತಿಂಗಳು ತಿಂಗಳೂ ಅಂಡಾಣು ಬೆಳೆಯುವುದನ್ನು ನೋಡುವ ಫಾಲಿಕ್ಯುಲರ್ ಸ್ಕ್ಯಾನ್ ಆಗಿರುತ್ತದೆ, ಅಂಡನಾಳದ ಅಂದರೆ ಟ್ಯೂಬ್‌ನ ಟೆಸ್ಟ್ ಆಗಿರುತ್ತದೆ. ಕೆಲವರಿಗೆ ಹೊಟ್ಟೆಗೆ ಸಣ್ಣ ತೂತು ಮಾಡಿ ಒಳಗೆ ನೋಡುವ ಲ್ಯಾಪ್ರೋಸ್ಕೋಪಿಯೂ ಮುಗಿದಿರುತ್ತದೆ. ಘಾಟಿ ಸುಬ್ರಹ್ಮಣ್ಯದಲ್ಲಿ ನಾಗಪ್ರತಿಷ್ಠೆಯೂ ಆಗಿರುತ್ತದೆ. ಗಂಡ ಮಾತ್ರ ಒಂದು ಸಲವೂ ಲ್ಯಾಬ್ ಮೆಟ್ಟಿಲು ಹತ್ತಿರುವುದಿಲ್ಲ.

ಇದಕ್ಕೆ ಒಂದು ಕಾರಣ ನಮ್ಮ ಮಾತಿನಲ್ಲೇ ಇದೆ. ಕನ್ನಡದಲ್ಲಿ 'ಬಂಜೆ' ಎಂಬುದು ಹೆಂಗಸಿಗೇ ಅಂಟಿದ ಮಾತು. ವೀರ್ಯಾಣು ಕಡಿಮೆ ಇರುವ ಗಂಡಸಿಗೆ ದಿನಬಳಕೆಯಲ್ಲಿ ಒಂದು ಹೆಸರೇ ಇಲ್ಲ. ಇರುವುದು 'ಷಂಡ' ಎಂಬ ಬೈಗುಳ. ಅದು ಸೇರುವ ಶಕ್ತಿ ಇಲ್ಲದವನಿಗೆ ಹೇಳುವುದು. ಅದಕ್ಕೂ ವೀರ್ಯಾಣು ಕಡಿಮೆ ಇರುವುದಕ್ಕೂ ಸಂಬಂಧವಿಲ್ಲ. ಗಂಡ ಹೆಂಡತಿಯ ಸಂಬಂಧದಲ್ಲಿ ಒಂದು ಕೊರತೆಯೂ ಇಲ್ಲದ ಆರೋಗ್ಯವಂತನ ವೀರ್ಯದಲ್ಲೂ ವೀರ್ಯಾಣು ಇಲ್ಲದೇ ಇರಬಹುದು. ಈ ಎರಡನ್ನೂ ಒಂದೇ ಅಂದುಕೊಂಡಿರುವುದರಿಂದ ಗಂಡಸರು ಟೆಸ್ಟ್ ಅಂದರೆ ಹೆದರುತ್ತಾರೆ. ರಿಪೋರ್ಟ್ ಕೆಟ್ಟದಾಗಿ ಬಂದರೆ ಮರ್ಯಾದೆ ಹೋಯಿತು ಅಂದುಕೊಳ್ಳುತ್ತಾರೆ. ಆ ಹೆದರಿಕೆಯ ಬೆಲೆಯನ್ನು ಹೆಂಡತಿಯ ಮೈ ತೆರುತ್ತದೆ. ಇದು ಅನ್ಯಾಯ. ಇದಕ್ಕೆ ಬೇರೆ ಮೆತ್ತನೆಯ ಮಾತಿಲ್ಲ.

ರಿಪೋರ್ಟ್ ಓದುವುದು ಹೇಗೆ ಎಂಬುದನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಗಡಿ ಹೀಗಿದೆ: ವೀರ್ಯ 1.4 ಎಂಎಲ್, ಒಂದು ಎಂಎಲ್‌ಗೆ 1.6 ಕೋಟಿ ವೀರ್ಯಾಣು, ಚಲಿಸುವಂಥವು 42 ಪರ್ಸೆಂಟ್, ಸರಿಯಾದ ಆಕಾರದವು 4 ಪರ್ಸೆಂಟ್. ಕೊನೆಯ ಅಂಕಿ ನೋಡಿ ತುಂಬ ಜನ ಗಾಬರಿಯಾಗುತ್ತಾರೆ. ನೂರರಲ್ಲಿ 96 ಕೆಟ್ಟಿವೆ ಅಂದುಕೊಳ್ಳುತ್ತಾರೆ. ಗಾಬರಿ ಬೇಡ. ಒಂದು ವರ್ಷದೊಳಗೆ ತಂದೆಯಾದ ಗಂಡಸರ ವೀರ್ಯವನ್ನೇ ಅಳೆದು, ಅವರಲ್ಲಿ ತೀರ ಕೆಳಗಿನ 5 ಪರ್ಸೆಂಟ್ ಎಲ್ಲಿ ಇದ್ದರೋ ಅಲ್ಲಿ ಈ ಗೆರೆ ಎಳೆದಿದ್ದಾರೆ. ಅಂದರೆ ಗೆರೆಯ ಕೆಳಗೆ ಇದ್ದೂ ತಂದೆಯಾದವರು ಇದ್ದಾರೆ. ಮೇಲೆ ಇದ್ದೂ ಆಗದವರೂ ಇದ್ದಾರೆ.

ಒಂದು ರಿಪೋರ್ಟ್ ಮೇಲೆ ತೀರ್ಮಾನವೂ ಬೇಡ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಿನಷ್ಟು ಬೇಕು. ಎರಡು ತಿಂಗಳ ಹಿಂದೆ ಬಂದ ಡೆಂಗಿ ಜ್ವರ ಇವತ್ತಿನ ರಿಪೋರ್ಟನ್ನು ಕೆಡಿಸಬಹುದು. ಅದಕ್ಕೇ ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡುತ್ತಾರೆ. ಒಂದೂ ವೀರ್ಯಾಣು ಕಾಣದಿದ್ದರೆ ಮಾತ್ರ ಅಷ್ಟು ದಿನ ಕಾಯದೆ ಮುಂದಿನ ತಪಾಸಣೆಗೆ ಹೋಗಬೇಕು. ಅದು ದಾರಿ ಕಟ್ಟಿಕೊಂಡಿರುವುದರಿಂದಲೋ, ತಯಾರಿಕೆಯೇ ನಿಂತಿರುವುದರಿಂದಲೋ ಎಂದು ತಿಳಿಯಬೇಕು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ.

ಇನ್ನೊಂದು ಸಂಗತಿ ಯುವಕರಿಗೆ ಗೊತ್ತೇ ಇಲ್ಲ. ಮೈಕಟ್ಟು ಬೆಳೆಸಲು ಜಿಮ್‌ನಲ್ಲಿ ತೆಗೆದುಕೊಳ್ಳುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ವೀರ್ಯಾಣುವನ್ನು ಹೆಚ್ಚಿಸುವುದಿಲ್ಲ, ನಿಲ್ಲಿಸಿಬಿಡುತ್ತದೆ. ಹೊರಗಿನಿಂದ ಹಾರ್ಮೋನ್ ಬಂದಾಗ ಮೆದುಳು 'ಸಾಕಷ್ಟಿದೆ' ಎಂದುಕೊಂಡು ವೃಷಣಕ್ಕೆ ಕೊಡುವ ಆಜ್ಞೆಯನ್ನು ತಡೆಯುತ್ತದೆ. ಬಿಟ್ಟ ಮೇಲೆ ಎಷ್ಟೋ ಜನರಿಗೆ ಮತ್ತೆ ಶುರುವಾಗುತ್ತದೆ. ಆದರೆ ತಿಂಗಳುಗಟ್ಟಲೆ ಹಿಡಿಯಬಹುದು. ಮೊದಲ ಭೇಟಿಯಲ್ಲೇ ಗಂಡನನ್ನು ಕೂರಿಸಿ ಕೇಳಿದ್ದರೆ ಈ ಒಂದು ಪ್ರಶ್ನೆಯಲ್ಲೇ ಉತ್ತರ ಸಿಕ್ಕಿರುತ್ತಿತ್ತು.

ಹೆಂಡತಿಯ ಟೆಸ್ಟ್‌ಗಳು

ಇಲ್ಲಿ ಮೂಲ ಪ್ರಶ್ನೆಗಳು ಎರಡೇ. ಅಂಡಾಣು ಬಿಡುಗಡೆ ಆಗುತ್ತಿದೆಯಾ? ಟ್ಯೂಬ್ ತೆರೆದಿದೆಯಾ?

ಮುಟ್ಟು 28–30 ದಿನಕ್ಕೊಮ್ಮೆ ತಪ್ಪದೆ ಬರುತ್ತಿದ್ದರೆ ಮೊದಲನೆಯದಕ್ಕೆ ಬಹುಮಟ್ಟಿಗೆ ಉತ್ತರ ಸಿಕ್ಕಂತೆ. ಎರಡನೆಯದಕ್ಕೆ ಎಚ್‌ಎಸ್‌ಜಿ ಎಂಬ ಎಕ್ಸ್‌ರೇ ಇದೆ. ಗರ್ಭಕೋಶದೊಳಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಅದು ಟ್ಯೂಬ್ ದಾಟಿ ಹೊರಗೆ ಬರುತ್ತದೆಯೇ ಎಂದು ನೋಡುತ್ತಾರೆ. ನೋವಾಗುತ್ತದೆ. ಹಾಗಾಗಿ ಗಂಡನ ರಿಪೋರ್ಟ್ ಬರುವ ಮೊದಲೇ ಇದನ್ನು ಮಾಡಿಸುವುದು ಸರದಿ ತಪ್ಪಿದ ಕೆಲಸ.

ಈಗ ಅತಿ ಹೆಚ್ಚು ಹೆದರಿಸುತ್ತಿರುವುದು ಎಎಂಎಚ್ ಎಂಬ ರಕ್ತ ಪರೀಕ್ಷೆ. ಅಂಡಾಶಯದಲ್ಲಿ ಎಷ್ಟು ಅಂಡಾಣು ಉಳಿದಿರಬಹುದು ಎಂಬ ಅಂದಾಜನ್ನು ಇದು ಕೊಡುತ್ತದೆ. ಐವಿಎಫ್‌ನಲ್ಲಿ ಇಂಜೆಕ್ಷನ್ ಎಷ್ಟು ಕೊಡಬೇಕು, ಎಷ್ಟು ಅಂಡಾಣು ಸಿಗಬಹುದು ಎಂದು ಲೆಕ್ಕ ಹಾಕಲು ಇದು ನಿಜಕ್ಕೂ ಬೇಕು. ಆದರೆ ಅಂಡಾಣುವಿನ ಗುಣವನ್ನು ಇದು ಹೇಳುವುದಿಲ್ಲ. ಸಹಜವಾಗಿ ಗರ್ಭ ನಿಲ್ಲುತ್ತದೆಯೇ ಇಲ್ಲವೇ ಎಂದೂ ಹೇಳುವುದಿಲ್ಲ. 2017ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವೊಂದು ಬಂಜೆತನದ ಇತಿಹಾಸವಿಲ್ಲದ, 30ರಿಂದ 44 ವಯಸ್ಸಿನ ಹೆಂಗಸರನ್ನು ಗಮನಿಸಿತ್ತು. ಎಎಂಎಚ್ ಕಡಿಮೆ ಇದ್ದವರಿಗೂ ಸರಿಯಾಗಿದ್ದವರಿಗೂ ಗರ್ಭ ನಿಲ್ಲುವುದರಲ್ಲಿ ಗುರುತಿಸುವಂಥ ವ್ಯತ್ಯಾಸ ಕಾಣಲಿಲ್ಲ. ತಿಂಗಳಿಗೆ ಬೇಕಾದದ್ದು ಒಂದೇ ಅಂಡಾಣು ಅಲ್ವಾ? ಕಣಜದಲ್ಲಿ ಭತ್ತ ಕಡಿಮೆ ಇದೆ ಎಂದರೆ ಇವತ್ತಿನ ಅನ್ನ ಬೇಯುವುದಿಲ್ಲ ಎಂದಲ್ಲ. ಆದರೆ 'ಎಎಂಎಚ್ ಕಡಿಮೆ, ತಡ ಮಾಡಬೇಡಿ' ಎಂಬ ಒಂದು ಮಾತಿಗೆ ಸೀದಾ ಐವಿಎಫ್ ಕಡೆಗೆ ಓಡುವವರು ಇದ್ದಾರೆ.

ನಮ್ಮ ದೇಶದ್ದೇ ಆದ ಒಂದು ತೊಡಕು ಗರ್ಭಕೋಶದ ಕ್ಷಯ. ಇದು ಸದ್ದಿಲ್ಲದೆ ಟ್ಯೂಬ್‌ಗಳನ್ನು ಮುಚ್ಚುತ್ತದೆ, ಗರ್ಭಕೋಶದ ಒಳಪದರವನ್ನು ಹಾಳು ಮಾಡುತ್ತದೆ. ಆದ್ದರಿಂದ ಅದನ್ನು ಹುಡುಕುವುದು ಸರಿ. ಆದರೆ ಬೇರೆ ಯಾವ ಲಕ್ಷಣವೂ ಇಲ್ಲದೆ, ಕ್ರಿಮಿಯ ಡಿಎನ್‌ಎ ಹುಡುಕುವ ಪಿಸಿಆರ್ ಟೆಸ್ಟ್ ಒಂದು ಪಾಸಿಟಿವ್ ಬಂದ ಮಾತ್ರಕ್ಕೆ ಆರು ತಿಂಗಳ ಕ್ಷಯದ ಮಾತ್ರೆ ಶುರು ಮಾಡಬೇಕೇ ಎಂಬುದರಲ್ಲಿ ವೈದ್ಯರ ನಡುವೆಯೇ ಒಮ್ಮತವಿಲ್ಲ. ಕಾಯಿಲೆ ಇದ್ದೂ ಬಿಟ್ಟರೆ ಟ್ಯೂಬ್ ಹೋಗುತ್ತದೆ ಎನ್ನುವವರು ಒಂದು ಕಡೆ. ಆ ಟೆಸ್ಟ್ ಸತ್ತ ಕ್ರಿಮಿಯ ತುಣುಕಿಗೂ ಪಾಸಿಟಿವ್ ಹೇಳುತ್ತದೆ, ಸುಮ್ನೆ ಮಾತ್ರೆ ನುಂಗಿಸಬೇಡಿ ಎನ್ನುವವರು ಇನ್ನೊಂದು ಕಡೆ. ಇಂಥ ಹೊತ್ತಿನಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು. ಅದನ್ನು ಅವಮಾನ ಎಂದುಕೊಳ್ಳುವ ವೈದ್ಯರಿಗಿಂತ ಹಾಗೆ ಅಂದುಕೊಳ್ಳದವರೇ ಮೇಲು.

ಎಲ್ಲರಿಗೂ ಐವಿಎಫ್ ಬೇಕಾ?

ಬೇಡ. ಪಿಸಿಓಎಸ್ ಎಂಬ ಹಾರ್ಮೋನ್ ಏರುಪೇರಿನಿಂದ ಅಂಡಾಣು ಬಿಡುಗಡೆ ಆಗದ ಹೆಂಗಸರಿಗೆ ಮೊದಲ ಔಷಧಿ ಲೆಟ್ರೋಜೋಲ್ ಎಂಬ ಮಾತ್ರೆ. ಮುಟ್ಟಾದಾಗಿನಿಂದ ಕೆಲವು ದಿನ, ಸಾಮಾನ್ಯವಾಗಿ ಐದು ದಿನ, ನುಂಗುವಂಥದ್ದು. 2014ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಇದನ್ನು ತೆಗೆದುಕೊಂಡವರಲ್ಲಿ 27.5 ಪರ್ಸೆಂಟ್ ಜನರಿಗೆ ಮಗುವಾಯಿತು. ಹಳೆಯ ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ ಅದು 19.1 ಪರ್ಸೆಂಟ್. ಐವಿಎಫ್‌ನ ಖರ್ಚಿನ ಮುಂದೆ ಈ ಮಾತ್ರೆಯ ಖರ್ಚು ಏನೂ ಅಲ್ಲ.

ಎರಡೂ ಟ್ಯೂಬ್ ಮುಚ್ಚಿದ್ದರೆ ಕತೆ ಬೇರೆ. ವೀರ್ಯಾಣು ತೀರ ಕಡಿಮೆ ಇದ್ದರೆ, ಹೆಂಡತಿಗೆ 40ರ ಹತ್ತಿರ ಬಂದಿದ್ದರೆ ಕೂಡ ಬೇರೆ. ಅಲ್ಲಿ ಮಾತ್ರೆ, ಐಯುಐ ಎನ್ನುತ್ತಾ ಎರಡು ವರ್ಷ ಕಳೆಯುವುದೂ ತಪ್ಪೇ. ಮೆಟ್ಟಿಲು ಹತ್ತಿ ಎಂದರೆ ಎಲ್ಲರೂ ಎಲ್ಲ ಮೆಟ್ಟಿಲನ್ನೂ ತುಳಿಯಲೇಬೇಕು ಎಂದಲ್ಲ. ಯಾರಿಗೆ ಯಾವ ಮೆಟ್ಟಿಲು ಎಂದು ತಿಳಿಯುವುದಕ್ಕೇ ಮೊದಲ ಟೆಸ್ಟ್‌ಗಳು ಸರಿಯಾಗಿ ಆಗಬೇಕು.

ಐವಿಎಫ್ ಒಳಗೂ ಇದೇ ಪ್ರಶ್ನೆ ಬರುತ್ತದೆ. ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಹಾಕುವ ಇಕ್ಸಿ ವಿಧಾನ 1992ರಲ್ಲಿ ಬೆಲ್ಜಿಯಂನಿಂದ ವರದಿಯಾಯಿತು. ಗಂಡಸಿನ ದೋಷಕ್ಕೆ ಅದು ದೊಡ್ಡ ವರ. ಆದರೆ ವೀರ್ಯ ಚೆನ್ನಾಗಿರುವವರಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ ಎಂದು 2021ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಯೆಟ್ನಾಂನ ಪ್ರಯೋಗ ತೋರಿಸಿತು. ಗರ್ಭಕೋಶದ ಒಳಪದರವನ್ನು ಗೀರುವ 'ಸ್ಕ್ರ್ಯಾಚಿಂಗ್' ಕೂಡ ಹೀಗೆಯೇ. 2019ರ ದೊಡ್ಡ ಪ್ರಯೋಗದಲ್ಲಿ ಅದರಿಂದ ಮಗುವಾಗುವ ಸಾಧ್ಯತೆ ಹೆಚ್ಚಲಿಲ್ಲ. ಬಿಲ್‌ನಲ್ಲಿ ಇಂಥ ಒಂದೊಂದು ಸಾಲು ಸೇರಿದಾಗಲೂ 'ಇದು ನನಗೆ ಯಾಕೆ' ಎಂದು ಕೇಳಬೇಕು.

'70 ಪರ್ಸೆಂಟ್ ಸಕ್ಸಸ್' ಎಂಬ ಬೋರ್ಡ್

ಹೈವೇ ಪಕ್ಕದ ಬೋರ್ಡ್‌ಗಳಲ್ಲಿ ಇಂಥ ಅಂಕಿ ಕಾಣುತ್ತದೆ. ಅದು ಸುಳ್ಳೇ ಆಗಿರಬೇಕಿಲ್ಲ. ಆದರೆ ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ ಎಂದು ಬೋರ್ಡ್ ಹೇಳುವುದಿಲ್ಲ.

ಲೆಕ್ಕ ಅರ್ಥವಾಗಲಿ ಅಂತ ಒಂದು ಕಲ್ಪನೆಯ ಉದಾಹರಣೆ ಇಟ್ಟುಕೊಳ್ಳೋಣ. 100 ಹೆಂಗಸರು ಇಂಜೆಕ್ಷನ್ ಶುರು ಮಾಡಿದರು. ಕೆಲವರಿಗೆ ಅಂಡಾಣು ಸಿಗಲಿಲ್ಲ, ಕೆಲವರಿಗೆ ಭ್ರೂಣ ಬೆಳೆಯಲಿಲ್ಲ. 80 ಜನರಿಗೆ ಭ್ರೂಣ ಇಟ್ಟರು. 48 ಜನರಿಗೆ ರಕ್ತ ಪರೀಕ್ಷೆ ಪಾಸಿಟಿವ್ ಬಂತು. ಅವರಲ್ಲಿ ಕೆಲವರಿಗೆ ಗರ್ಭ ಜಾರಿತು. ಕೊನೆಗೆ ಮಗು ಎತ್ತಿಕೊಂಡು ಮನೆಗೆ ಹೋದವರು 32. ಈಗ 48ನ್ನು 80ರಿಂದ ಭಾಗಿಸಿದರೆ 60 ಪರ್ಸೆಂಟ್. 32ನ್ನು 100ರಿಂದ ಭಾಗಿಸಿದರೆ 32 ಪರ್ಸೆಂಟ್. ಎರಡೂ ಒಂದೇ ಕ್ಲಿನಿಕ್‌ನ, ಒಂದೇ ವರ್ಷದ ಲೆಕ್ಕ. ಜೋಡಿಗೆ ಬೇಕಾದದ್ದು ಎರಡನೆಯದು. ಬೋರ್ಡ್ ಮೇಲೆ ಬರುವುದು ಮೊದಲನೆಯದು.

ವಯಸ್ಸು ಸೇರಿದರೆ ಅಂಕಿ ಇನ್ನಷ್ಟು ಬದಲಾಗುತ್ತದೆ. ಬ್ರಿಟನ್‌ನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಸರ್ಕಾರಿ ಪ್ರಾಧಿಕಾರವೊಂದು ಪ್ರತಿ ಕ್ಲಿನಿಕ್‌ನ ಫಲಿತಾಂಶವನ್ನು ಜನರ ಮುಂದಿಡುತ್ತದೆ. ಅಲ್ಲಿ 35ರೊಳಗಿನವರು ಸ್ವಂತ ಅಂಡಾಣು ಬಳಸಿದಾಗ ಇಟ್ಟ ಭ್ರೂಣಗಳಲ್ಲಿ ಸುಮಾರು ಮೂರಕ್ಕೆ ಒಂದು ಮಗುವಾಗುತ್ತದೆ. 43–44ರ ವಯಸ್ಸಿನಲ್ಲಿ ಅದು ಇಪ್ಪತ್ತಕ್ಕೆ ಒಂದರ ಆಸುಪಾಸಿಗೆ ಇಳಿಯುತ್ತದೆ. ನಮ್ಮ ಜೋಡಿಗಳಿಗೆ ಕ್ಲಿನಿಕ್ ಆರಿಸಿಕೊಳ್ಳುವಾಗ ಇಂಥ ಪಟ್ಟಿ ಕೈಗೆ ಸಿಗುವುದಿಲ್ಲ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಅತಿ ದೊಡ್ಡ ಕೊರತೆ ಇದೇ.

ಕಾನೂನು ಮತ್ತು ವಯಸ್ಸು

ಡಾ. ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು (ಐವಿಎಫ್‌ನಿಂದ ಹುಟ್ಟಿದ ಮಗು) 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಹುಟ್ಟಿತು. ಅದೂ ಜಗತ್ತಿನ ಮೊದಲ ಶಿಶು ಹುಟ್ಟಿದ ಎರಡೂವರೆ ತಿಂಗಳೊಳಗೆ. ಅವರನ್ನು ಯಾರೂ ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಆ ಮೊದಲ ಸಾಧನೆ ಅವರದೇ ಎಂದು 1997ರಲ್ಲಿ ಎತ್ತಿ ಹೇಳಿದವರು ಬೆಂಗಳೂರಿನಲ್ಲಿ ಕೆಲಸ ಮಾಡಿದ ವಿಜ್ಞಾನಿ ಟಿ.ಸಿ. ಆನಂದ ಕುಮಾರ್. ಅಲ್ಲಿಯವರೆಗೆ ದೇಶದ ಮೊದಲ ಪ್ರನಾಳ ಶಿಶು ಎನಿಸಿದ್ದ 1986ರ ಮುಂಬೈ ಶಿಶುವಿನ ಹಿಂದೆ ಡಾ. ಇಂದಿರಾ ಹಿಂದುಜಾ ಅವರ ಜೊತೆ ಇದ್ದ ಅವರು ತಮ್ಮದೇ 'ಮೊದಲ' ಎಂಬ ಬಿರುದನ್ನು ಬಿಟ್ಟುಕೊಟ್ಟರು. ತಂತ್ರಜ್ಞಾನ 1978ರಲ್ಲಿ ಬಂತು, ಕಾನೂನು ಬಂದದ್ದು 2021ರಲ್ಲಿ. ನಡುವಿನ 43 ವರ್ಷ ಕ್ಲಿನಿಕ್‌ಗಳು ಬಹುತೇಕ ತಮ್ಮದೇ ನಿಯಮದಲ್ಲಿ ಬೆಳೆದವು.

2022ರ ಜನವರಿ 25ರಿಂದ ಎರಡು ಕಾಯ್ದೆಗಳು ಜಾರಿಯಲ್ಲಿವೆ. ಐವಿಎಫ್‌ನಂಥ ಚಿಕಿತ್ಸೆಗಳಿಗಾಗಿ ಇರುವ ಎಆರ್‌ಟಿ ಕಾಯ್ದೆ ಪ್ರಕಾರ ಚಿಕಿತ್ಸೆ ಪಡೆಯುವ ಹೆಂಗಸು 21 ದಾಟಿ 50ರೊಳಗೆ, ಗಂಡಸು 21 ದಾಟಿ 55ರೊಳಗೆ ಇರಬೇಕು. ಬಾಡಿಗೆ ತಾಯ್ತನ ಕಾಯ್ದೆಯಲ್ಲಿ ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55. ಒಂದು ಸ್ಪಷ್ಟನೆ ಬೇಕು. ವೀರ್ಯ ಅಥವಾ ಅಂಡಾಣುವನ್ನು ದೇಹದ ಹೊರಗೆ ತಂದು ಮಾಡುವ ಚಿಕಿತ್ಸೆ ಮಾತ್ರ ಎಆರ್‌ಟಿ. ಹಾಗಾಗಿ ಐಯುಐ ಇದರೊಳಗೆ ಬರುತ್ತದೆ. ಸ್ಕ್ಯಾನ್, ರಕ್ತ ಪರೀಕ್ಷೆ, ಮಾತ್ರೆ ಬರುವುದಿಲ್ಲ.

ಬಾಡಿಗೆ ತಾಯ್ತನದ ಕೇಸಿನಲ್ಲಿ ಸುಪ್ರೀಂ ಕೋರ್ಟ್‌ನ ಮುಂದೆ ಇದ್ದದ್ದು ಒಂದು ಸಣ್ಣ, ಆದರೆ ಮನಸ್ಸು ಕಲಕುವ ಪ್ರಶ್ನೆ. ಕಾಯ್ದೆ ಬರುವ ಮೊದಲೇ ಭ್ರೂಣ ತಯಾರಿಸಿ ಫ್ರೀಜ್ ಮಾಡಿಟ್ಟ ಜೋಡಿಗಳು, ಕಾಯ್ದೆ ಬಂದ ಮೇಲೆ ವಯಸ್ಸು ಮೀರಿತು ಎಂಬ ಕಾರಣಕ್ಕೆ ನಿಂತುಬಿಡಬೇಕೇ? ಇಷ್ಟು ವಯಸ್ಸಾದವರು ಮಗುವನ್ನು ಕೊನೆಯವರೆಗೆ ಸಾಕಬಲ್ಲರೇ, ಮಗುವಿನ ಹಿತ ನೋಡಬೇಡವೇ ಎಂಬುದು ಕೇಂದ್ರದ ವಾದ. ಶುರು ಮಾಡಿದಾಗ ಯಾವ ಮಿತಿಯೂ ಇರಲಿಲ್ಲ, ಸಹಜವಾಗಿ ಮಗು ಪಡೆಯುವವರಿಗೆ ಈಗಲೂ ಇಲ್ಲ ಎಂಬುದು ಜೋಡಿಗಳ ವಾದ. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಕೆ.ವಿ. ವಿಶ್ವನಾಥನ್ ಅವರ ಪೀಠ ಜೋಡಿಗಳ ಪರ ನಿಂತಿತು. ಕಾಯ್ದೆ ಜಾರಿಗೆ ಮೊದಲೇ ಭ್ರೂಣ ಫ್ರೀಜ್ ಮಾಡುವ ಹಂತ ಮುಟ್ಟಿದ್ದವರಿಗೆ ವಯಸ್ಸಿನ ಮಿತಿ ಹಿಂದಕ್ಕೆ ಹೋಗಿ ಅನ್ವಯಿಸುವುದಿಲ್ಲ ಎಂದಿತು.

ಅಷ್ಟೇ. ಮಿತಿಯನ್ನು ಅದು ತೆಗೆದುಹಾಕಲಿಲ್ಲ. ಇವತ್ತು 51ರ ಹೆಂಗಸು ಹೊಸದಾಗಿ ಐವಿಎಫ್ ಶುರು ಮಾಡಲು ಈ ತೀರ್ಪಿನಿಂದ ಆಗುವುದಿಲ್ಲ.

ಹೈಕೋರ್ಟ್‌ಗಳು ಬೇರೆ ಬೇರೆ ದಾರಿ ಹಿಡಿದಿವೆ. ಕೇರಳ ಹೈಕೋರ್ಟ್ 2022ರಲ್ಲಿ ಮಿತಿಯನ್ನು ಒಪ್ಪಿತು, ಆದರೆ ಆಗಲೇ ಚಿಕಿತ್ಸೆಯಲ್ಲಿದ್ದವರು ಮುಂದುವರಿಯಲಿ ಎಂದಿತು. ಕರ್ನಾಟಕ ಹೈಕೋರ್ಟ್ 2023ರಲ್ಲಿ, ಬೆಳೆದ ಮಗನನ್ನು ಕಳೆದುಕೊಂಡ ದಂಪತಿಯ ಅರ್ಜಿ ಕೇಳಿತು. ಗಂಡನಿಗೆ ಆಗ 57. ವಂಶವಾಹಿ, ದೈಹಿಕ, ಆರ್ಥಿಕ ಎಂಬ ಮೂರು ಪರೀಕ್ಷೆಯಲ್ಲಿ ಅವರು ನಿಲ್ಲುತ್ತಾರೆಯೇ ನೋಡಿ ತೀರ್ಮಾನಿಸಿ ಎಂದು ಅಧಿಕಾರಿಗಳಿಗೆ ಹೇಳಿತು. ಕಲ್ಕತ್ತಾ ಹೈಕೋರ್ಟ್ 2024ರಲ್ಲಿ, ಗಂಡ 55 ದಾಟಿದ್ದರೂ ಹೆಂಡತಿ ಮಿತಿಯೊಳಗಿದ್ದರಿಂದ ದಾನಿಯ ನೆರವಿನೊಂದಿಗೆ ಮುಂದುವರಿಯಲು ಬಿಟ್ಟಿತು. ಮಿತಿಯನ್ನು ಇಬ್ಬರಿಗೂ ಸೇರಿಸಿ ನೋಡಬೇಕೇ, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ನೋಡಬೇಕೇ ಎಂಬ ಪ್ರಶ್ನೆ ಎಂಥ ಮನೆಗಳಿಂದ ಏಳುತ್ತದೆ ಎಂಬುದನ್ನು ಇಲ್ಲಿ ನೋಡಬಹುದು.

ದುಡ್ಡು ಯಾರು ಕೊಡಬೇಕು

ಆರೋಗ್ಯ ವಿಮೆಯ ಪಾಲಿಸಿ ತೆಗೆದು ಹೊರಗಿಟ್ಟ ವಿಷಯಗಳ ಪಟ್ಟಿ ನೋಡಿ. ಬಹುತೇಕ ಪಾಲಿಸಿಗಳಲ್ಲಿ 17ನೇ ಕೋಡ್ ಅಡಿಯಲ್ಲಿ ಬಂಜೆತನ, ಐವಿಎಫ್, ಇಕ್ಸಿ ಎಲ್ಲ ಸೇರಿರುತ್ತವೆ. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ಏಕರೂಪದ ಪಟ್ಟಿ ಅದು. ಕಂಪನಿ ಬಯಸಿದರೆ ಈ ಖರ್ಚು ಕೊಡಬಹುದು. ಕೆಲವು ಆಫೀಸ್‌ಗಳ ಗುಂಪು ವಿಮೆಯಲ್ಲಿ ಒಂದಿಷ್ಟು ಸಿಗುತ್ತದೆ. ಆದರೆ ಕೊಡಲೇಬೇಕು ಎಂಬ ನಿಯಮವಿಲ್ಲ.

ಸರ್ಕಾರ ಯಾಕೆ ಕೊಡಬೇಕು ಎಂದು ಕೇಳುವವರ ವಾದವೂ ಇದೆ. ಜನಸಂಖ್ಯೆ ಇಷ್ಟಿರುವಾಗ, ಬಾಣಂತಿಯರ ಸಾವು ತಡೆಯಲೇ ಹಣ ಸಾಲದಿರುವಾಗ, ಐವಿಎಫ್‌ಗೆ ಯಾಕೆ ಎನ್ನುತ್ತಾರೆ. ಹಣ ಸಾಲದು ಎಂಬ ಮಾತು ನಿಜ. ಜನಸಂಖ್ಯೆಯ ಮಾತು ಹಳತಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 2.0 ಮಕ್ಕಳು, ಕರ್ನಾಟಕದಲ್ಲಿ 1.7. ಜನಸಂಖ್ಯೆ ಹಾಗೇ ನಿಲ್ಲಲು 2.1 ಬೇಕು. ಅದಕ್ಕಿಂತ ಮುಖ್ಯವಾಗಿ, ಒಂದು ಮಗುವೂ ಇಲ್ಲದ ಜೋಡಿಯ ಸಂಕಟವನ್ನು ದೇಶದ ಸರಾಸರಿಯಿಂದ ಅಳೆಯುವುದೇ ಸರಿಯಲ್ಲ.

ಬೆಲೆಗೆ ಮಿತಿ ಹಾಕಿ ಎಂಬ ಒತ್ತಾಯವೂ ಇದೆ. ಲ್ಯಾಬ್ ನಡೆಸುವ ಖರ್ಚು, ಹೊರದೇಶದಿಂದ ತರಿಸುವ ಸಾಮಗ್ರಿ, ಹಾರ್ಮೋನ್ ಇಂಜೆಕ್ಷನ್, ಇವಕ್ಕೆಲ್ಲ ದುಡ್ಡು ಬೇಕು, ಮಿತಿ ಹಾಕಿದರೆ ಗುಣಮಟ್ಟ ಇಳಿಯುತ್ತದೆ ಎನ್ನುತ್ತಾರೆ ಕ್ಲಿನಿಕ್‌ನವರು. ಇದರಲ್ಲಿ ಹುರುಳಿದೆ. ಆದರೆ ಬೇಡದ ಟೆಸ್ಟ್‌ಗೆ ಈ ಸಮರ್ಥನೆ ಹೊಂದುವುದಿಲ್ಲ.

ಎಆರ್‌ಟಿ ಕಾಯ್ದೆಯಲ್ಲಿ ಬೆಲೆಯ ಮಿತಿ ಇಲ್ಲ. ಆದರೆ ಜನರಿಗೆ ಗೊತ್ತಿಲ್ಲದ ಒಂದು ಬಲ ಅದರಲ್ಲಿದೆ. ಚಿಕಿತ್ಸೆ ಶುರು ಮಾಡುವ ಮೊದಲೇ ತಮ್ಮಲ್ಲಿ ಯಶಸ್ಸಿನ ಸಾಧ್ಯತೆ ಎಷ್ಟು, ಖರ್ಚು ಎಷ್ಟು, ಅಡ್ಡಪರಿಣಾಮ ಏನು, ಅವಳಿ ಗರ್ಭದ ಅಪಾಯ ಎಷ್ಟು ಎಂದು ಕ್ಲಿನಿಕ್ ತಿಳಿಸಲೇಬೇಕು. ದೂರು ಕೇಳುವ ವ್ಯವಸ್ಥೆಯನ್ನೂ ಇಟ್ಟುಕೊಂಡಿರಬೇಕು. ಕ್ಲಿನಿಕ್ ಯಾವ ಹಂತದ್ದು ಎಂಬುದನ್ನೂ ಕೇಳಿ. ಒಂದನೇ ಹಂತದಲ್ಲಿ ನೋಂದಾಯಿಸಿದ ಕ್ಲಿನಿಕ್ ಐಯುಐ ಮಾತ್ರ ಮಾಡಬಹುದು. ಐವಿಎಫ್‌ಗೆ ಎರಡನೇ ಹಂತದ ನೋಂದಣಿ ಬೇಕು.

ಮುಂದೆ ಏನಾಗಬಹುದು

ವಯಸ್ಸಿನ ಕೇಸ್‌ಗಳು ನಿಲ್ಲುವುದಿಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇದೆ. ದಾನಿಯ ಅಂಡಾಣು, ವೀರ್ಯವನ್ನಾಗಲಿ, ಭ್ರೂಣವನ್ನಾಗಲಿ 10 ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ ಎನ್ನುತ್ತದೆ ಎಆರ್‌ಟಿ ಕಾಯ್ದೆ. ಓದು, ಕೆಲಸ ಎಂದು 29ಕ್ಕೆ ಭ್ರೂಣ ಫ್ರೀಜ್ ಮಾಡಿಸಿದ ಹೆಂಗಸಿಗೆ 39ಕ್ಕೆ ಗಡುವು ಮುಗಿಯುತ್ತದೆ. ಕಾಯ್ದೆಯದೇ ವಯಸ್ಸಿನ ಮಿತಿಗೆ ಆಗಿನ್ನೂ 11 ವರ್ಷ ಬಾಕಿ ಇರುತ್ತದೆ. ಈ ಎರಡು ನಿಯಮಗಳು ಒಂದಕ್ಕೊಂದು ಹೊಂದುವುದಿಲ್ಲ. ಇಂದಿನ ಇಪ್ಪತ್ತರ ವಯಸ್ಸಿನವರು ಮೂವತ್ತು ದಾಟಿದಾಗ ಇದು ಕೋರ್ಟ್ ಮೆಟ್ಟಿಲು ಹತ್ತುವುದು ಖಂಡಿತ ಎಂದೇ ನನಗನ್ನಿಸುತ್ತದೆ.

ಸರ್ಕಾರಿ ಚಿಕಿತ್ಸೆಯ ವಿಷಯದಲ್ಲಿ ಗೋವಾ 2023ರಲ್ಲಿ ತನ್ನ ವೈದ್ಯಕೀಯ ಕಾಲೇಜಿನಲ್ಲಿ ಉಚಿತ ಐವಿಎಫ್ ಶುರು ಮಾಡಿತು. ಅದು ಪುಟ್ಟ ರಾಜ್ಯ. ಕರ್ನಾಟಕದಂಥ ರಾಜ್ಯದಲ್ಲಿ ಒಂದೆರಡು ದೊಡ್ಡ ಆಸ್ಪತ್ರೆಯಲ್ಲಿ ಐವಿಎಫ್ ತೆರೆದರೆ ಬೀದರ್‌ನವರು, ಚಾಮರಾಜನಗರದವರು ತಿಂಗಳಲ್ಲಿ ಎಂಟು ಹತ್ತು ಸಲ ಅಲ್ಲಿಗೆ ಓಡಾಡಬೇಕಾಗುತ್ತದೆ. ಸ್ಕ್ಯಾನ್‌ಗೆ ಒಂದು ದಿನ, ಇಂಜೆಕ್ಷನ್‌ಗೆ ಇನ್ನಷ್ಟು ದಿನ. ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಓಡಾಡುವವರಿಗೆ ಉಚಿತ ಚಿಕಿತ್ಸೆಯೂ ದುಬಾರಿಯೇ.

ಹಾಗಾಗಿ ಶುರು ಕೆಳಗಿನಿಂದ ಆಗಬೇಕು. ವೀರ್ಯ ಪರೀಕ್ಷೆಗೆ ಬೇಕಾದದ್ದು ಸೂಕ್ಷ್ಮದರ್ಶಕ, ಎಣಿಸುವ ಗಾಜಿನ ಅಚ್ಚು, ತರಬೇತಿ ಪಡೆದ ಟೆಕ್ನಿಷಿಯನ್, ಮತ್ತು ಬಾಗಿಲಿಗೆ ಚಿಲಕವಿರುವ ಒಂದು ಕೋಣೆ. ಮಾದರಿಯನ್ನು ಒಂದು ಗಂಟೆಯೊಳಗೆ ನೋಡಬೇಕಾದ್ದರಿಂದ ಊರಿನ ಹತ್ತಿರವೇ ಇದು ಇರಬೇಕು. ಲೆಟ್ರೋಜೋಲ್ ಮಾತ್ರೆ, ಥೈರಾಯ್ಡ್ ಟೆಸ್ಟ್, ಒಂದು ಸ್ಕ್ಯಾನ್, ಇವಕ್ಕೆ ದೊಡ್ಡ ಲ್ಯಾಬ್ ಬೇಕಿಲ್ಲ. ಇಷ್ಟನ್ನು ತಾಲ್ಲೂಕು ಆಸ್ಪತ್ರೆಗೆ ತಂದು, ಚೀಟಿ ಬರೆಯುವಾಗಲೇ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಒಂದೇ ಚೀಟಿಯಲ್ಲಿ ಬರೆಯುವ ಪದ್ಧತಿ ಮಾಡಿದರೆ, ಹೆಂಡತಿಯೊಬ್ಬಳೇ ವರ್ಷಗಟ್ಟಲೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಯಾರಿಗೆ ನಿಜಕ್ಕೂ ಐವಿಎಫ್ ಬೇಕೋ ಅವರು 38ಕ್ಕೆ ಹೋಗುವ ಬದಲು 31ಕ್ಕೇ ಅಲ್ಲಿಗೆ ತಲುಪುತ್ತಾರೆ.